ಸಾಮಾನು ಹೆಚ್ಚು, ನಾದ ಕಡಿಮೆ

ಮನೆಯಲ್ಲೇ ಕೂತು ಹಾಡು ರೆಕಾರ್ಡ್ ಮಾಡುವ ಹವ್ಯಾಸ ಬೆಂಗಳೂರು, ಮೈಸೂರು ದಾಟಿ ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಿಗೂ ಬಂದಾಗಿದೆ. ಒಂದು ಬೇಸ್ ಗಿಟಾರ್, ಒಂದು ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್, ಹೆಡ್‌ಫೋನ್ ಇದ್ದರೆ ಕೆಲಸ ಶುರು. ಹವ್ಯಾಸಿಗಳ ಈ ಉತ್ಸಾಹದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಸಾಮಾನಿಗೆ ಸಿಗುತ್ತಿರುವ ಮರ್ಯಾದೆಯ ಬಗ್ಗೆ. ಯಾವ ಗಿಟಾರ್, ಯಾವ ಪಿಕಪ್, ಯಾವ ಪ್ಲಗಿನ್ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಹಾಡಿನಲ್ಲಿ ಬೇಸ್ ಏನು ಮಾಡಿತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಸಾಮಾನಿನ ಕೀರ್ತಿ ಉಬ್ಬಿದಷ್ಟೂ ವಾದ್ಯದ ಕೀರ್ತಿ ಕುಗ್ಗಿದೆ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮನೆ ರೆಕಾರ್ಡಿಂಗಿಗೆ ಬೇಸ್‌ನಷ್ಟು ಒಗ್ಗುವ ವಾದ್ಯಗಳು ಕಡಿಮೆ. ಹಾಡುವವರಿಗೆ, ಕೊಳಲಿನವರಿಗೆ ಮೈಕ್ ಬೇಕು. ಮೈಕ್ ಇಟ್ಟರೆ ಬೀರೂರಿನಿಂದ ಅಜ್ಜಂಪುರದ ಕಡೆ ಹೊರಟ ಗೂಡ್ಸ್ ರೈಲು, ತರೀಕೆರೆಯಲ್ಲಿ ಶೀಟಿನ ಮೇಲೆ ಸುರಿಯುವ ಮಳೆ, ಪಕ್ಕದ ಮನೆಯ ಮಿಕ್ಸಿ ಎಲ್ಲವೂ ಹಾಡಿನೊಳಗೆ ಬಂದು ಕೂರುತ್ತವೆ. ಬೇಸ್‌ಗೆ ಈ ಕಾಟವಿಲ್ಲ. ತಂತಿಯ ಕಂಪನವನ್ನು ಪಿಕಪ್ ವಿದ್ಯುತ್ತಾಗಿಸುತ್ತದೆ, ಕೇಬಲ್ ಅದನ್ನು ನೇರವಾಗಿ ಇಂಟರ್‌ಫೇಸ್‌ಗೆ ಒಯ್ಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಲ್ಲಿ ಬೇಸ್ ಹುಟ್ಟಿದ್ದೂ ಹೀಗೆಯೇ. ಡೆಟ್ರಾಯಿಟ್‌ನ ಒಂದು ಮನೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಆ ಕಂಪನಿಯಲ್ಲಿ ಜೇಮ್ಸ್ ಜೇಮರ್‌ಸನ್ ತಮ್ಮ 1962ರ ಫೆಂಡರ್ ಪ್ರಿಸಿಷನ್ ಬೇಸ್ ಅನ್ನು ನೇರ ಮಿಕ್ಸರ್‌ಗೆ ಸಿಕ್ಕಿಸಿ, ತೋರುಬೆರಳೊಂದರಲ್ಲೇ ನುಡಿಸುತ್ತಿದ್ದರು. ಹಳೆಯ ತಂತಿಗಳನ್ನು ಬದಲಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಸಾಮಾನಿನ ಪಟ್ಟಿ ಹಿಡಿದು ಓಡಾಡುವವರು ಈ ಸಂಗತಿಯನ್ನು ತಲೆಗೆ ಹಾಕಿಕೊಳ್ಳಬೇಕು.

ಹಾಗಾದರೆ ಮನೆಯ ರೆಕಾರ್ಡಿಂಗ್‌ನಲ್ಲಿ ಬೇಸ್ ಯಾಕೆ ಇಷ್ಟು ಕೊಳಕಾಗಿ ಕೇಳುತ್ತದೆ? ಒಂದೇ ಒಂದು ಸ್ವರವನ್ನು ಹಿಡಿದು ನೋಡೋಣ. ಬೇಸ್‌ನ ದಪ್ಪ ತಂತಿ ‘ಇ’. ತೆರೆದು ಮೀಟಿದರೆ 41.2 ಹರ್ಟ್ಸ್. ಅದೇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ‘ಜಿ’, ಸೆಕೆಂಡಿಗೆ 49 ಕಂಪನ. ನಮ್ಮ ಮನೆಗಳಿಗೆ ಬರುವ ಕರೆಂಟಿನದ್ದು 50. ಆ ಕರೆಂಟಿನ ಗುಂಯ್‌ಗುಟ್ಟುವ ಸದ್ದು, ಅಂದರೆ ಹಮ್ಮಿಂಗ್, ಇರುವ ಕೋಣೆಯಲ್ಲಿ ಈ ‘ಜಿ’ ನುಡಿಸಿ ಹಾಗೇ ಬಿಟ್ಟರೆ ಸ್ವರ ಸಾಯುತ್ತಾ ಬಂದಂತೆ ಬಾಲದಲ್ಲಿ ಏರಿಳಿತ ಶುರುವಾಗುತ್ತದೆ: ಸುಮಾರು ಸೆಕೆಂಡಿಗೊಮ್ಮೆ ಉಬ್ಬುತ್ತದೆ, ಇಳಿಯುತ್ತದೆ. 49ಕ್ಕೂ 50ಕ್ಕೂ ಇರುವ ಒಂದರ ವ್ಯತ್ಯಾಸವೇ ಅದು. ಗ್ರಿಡ್‌ನ ಆವರ್ತನ ಸದಾ ಕರಾರುವಾಕ್ಕಾಗಿ 50ರಲ್ಲೇ ನಿಲ್ಲದ ಕಾರಣ ಏರಿಳಿತದ ವೇಗವೂ ಅಷ್ಟಿಷ್ಟು ಬದಲಾಗುತ್ತದೆ. ನುಡಿಸಿದವರಿಗೆ ತಂತಿಯ ಶ್ರುತಿ ತಪ್ಪಿದೆ ಅನಿಸುತ್ತದೆ, ಹೊಸ ತಂತಿ ತರಿಸುತ್ತಾರೆ. ಆಮೇಲೆ ಗಿಟಾರೇ ಸರಿಯಿಲ್ಲ ಅನಿಸುತ್ತದೆ, ಇನ್ನೊಂದು ಗಿಟಾರ್ ತರಿಸುತ್ತಾರೆ. ‘ಜಿ’ ಮಾತ್ರ ಹಾಗೇ ಉಳಿಯುತ್ತದೆ.

ಇದಕ್ಕೆ ಪ್ಲಗಿನ್ ಮದ್ದಲ್ಲ. ನಾಯ್ಸ್ ಗೇಟ್ ಹಾಕಿದರೆ ಸ್ವರವಿಲ್ಲದ ಕಡೆ ಹಮ್ಮಿಂಗ್ ಮುಚ್ಚಿಹೋಗುತ್ತದೆ, ಸ್ವರದ ಅಡಿಯಲ್ಲಿ ಉಳಿದುಕೊಳ್ಳುತ್ತದೆ. 50 ಹರ್ಟ್ಸ್ ಅನ್ನು ಫಿಲ್ಟರ್‌ನಲ್ಲಿ ಕತ್ತರಿಸಿದರೆ ‘ಜಿ’ಯ ಬುಡವೂ ಅದರ ಜೊತೆ ಹೋಗುತ್ತದೆ. ಅಕ್ಕಿಯೊಳಗಿನ ಅಕ್ಕಿಬಣ್ಣದ ಕಲ್ಲಿನಂತೆ ಇದು. ಬೇಯಿಸಿದ ಮೇಲೆ ಆರಿಸಲಾಗುವುದಿಲ್ಲ. ರೆಕಾರ್ಡ್ ಬಟನ್ ಒತ್ತುವ ಮೊದಲೇ ಆರಿಸಬೇಕು.

ಆರಿಸುವುದು ಹೇಗೆ ಎಂದು ಕಿವಿಯೇ ಹೇಳಿಕೊಡುತ್ತದೆ. ಗಿಟಾರ್ ಹಿಡಿದು ಕೂತಲ್ಲೇ ನಿಧಾನವಾಗಿ ತಿರುಗಿ. ತಿರುಗಿದಂತೆ ಹಮ್ಮಿಂಗ್ ಕಡಿಮೆಯಾದರೆ ಅದು ಹತ್ತಿರದ ಸ್ಟೆಬಿಲೈಸರ್, ಟ್ಯೂಬ್‌ಲೈಟಿನ ಚೋಕ್ ಅಥವಾ ಯುಪಿಎಸ್‌ನಿಂದ ಬರುತ್ತಿರುವ ಕಾಂತಕ್ಷೇತ್ರ. ಕುರ್ಚಿ ಸರಿಸಿದರೆ ಅರ್ಧ ಕೆಲಸ ಮುಗಿಯಿತು. ‘ಜಾಝ್ ಬೇಸ್’ ಮಾದರಿಯ ಗಿಟಾರ್ ಆದರೆ ಎರಡೂ ಪಿಕಪ್‌ಗಳ ವಾಲ್ಯೂಮ್ ಪೂರ್ತಿ ತೆರೆಯಿರಿ. ಸಾಮಾನ್ಯವಾಗಿ ಆಗ ಒಂದರ ಹಮ್ಮಿಂಗನ್ನು ಇನ್ನೊಂದು ರದ್ದು ಮಾಡುತ್ತದೆ. ತಂತಿ ಮುಟ್ಟಿದಾಗ ಸದ್ದು ಅಡಗಿ, ಕೈ ಬಿಟ್ಟಾಗ ಏಳುತ್ತಿದ್ದರೆ ಅರ್ತಿಂಗ್ ಕಡೆ ನೋಡಿ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿದ ಕೂಡಲೇ ಸದ್ದು ತಗ್ಗಿದರೂ ಅದೇ ಗುಮಾನಿ. ಇದ್ದಿಲು, ಉಪ್ಪು ಹಾಕಿ ಹೂತ ಅರ್ತ್ ಗುಂಡಿಗೆ ಮನೆ ಒಕ್ಕಲಾದ ಮೇಲೆ ನೀರು ಹಾಕುವವರು ಅಪರೂಪ. ಕಡೂರಿನ ಬಯಲಿನಲ್ಲಿ ಬೇಸಿಗೆಗೆ ನೆಲ ಒಣಗಿದರೆ ಆ ಗುಂಡಿ ಇದ್ದೂ ಇಲ್ಲದಂತೆ. ಇದು ನಾದದ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ. ಬೇಸ್‌ನ ತಂತಿಗಳು ಗ್ರೌಂಡ್‌ಗೆ ಸೇರಿರುತ್ತವೆ, ಆ ತಂತಿಗಳ ಮೇಲೆ ನಿಮ್ಮ ಕೈ ಇರುತ್ತದೆ.

ಕೋಣೆಯದೂ ಇಂಥದೇ ಕಥೆ. 10 ಅಡಿ ಅಗಲದ ಕೋಣೆ ಸುಮಾರು 56 ಹರ್ಟ್ಸ್‌ಗೆ ತಾನೇ ಮೊರೆಯುತ್ತದೆ. ಬೇಸ್‌ನ ತೆರೆದ ‘ಎ’ ತಂತಿ 55. ಸ್ಪೀಕರಿನಲ್ಲಿ ಕೇಳುತ್ತಾ ಮಿಕ್ಸ್ ಮಾಡಿದರೆ ‘ಎ’ ಹೆಚ್ಚಾಯಿತೆಂದು ತಗ್ಗಿಸುತ್ತೀರಿ, ಬೇರೆ ಕಡೆ ಕೇಳಿದಾಗ ಹಾಡಿನಲ್ಲಿ ‘ಎ’ ಇರುವುದೇ ಇಲ್ಲ. ಗೋಡೆಯ ದೋಷವನ್ನು ಗಿಟಾರ್ ತೀರಿಸಬೇಕು ಎಂದರೆ ಹೇಗೆ?

ಈಗ ಸುಗಮ ಸಂಗೀತದ ನಮ್ಮ ಕೆಲವು ವಿಮರ್ಶಕರ ವಿಷಯಕ್ಕೆ ಬರುತ್ತೇನೆ. ಭಾವಗೀತೆಗೆ ಬೇಸ್ ಬೇಡ, ಅದು ಪರದೇಶದ ಗದ್ದಲ, ಮಾತನ್ನು ಮುಳುಗಿಸುತ್ತದೆ ಎಂಬುದು ಅವರ ವಾದ. ಸಂಯೋಜಕ ಸಿ. ಅಶ್ವತ್ಥ್ ವಾದ್ಯಗಳನ್ನು ಬಳಸಿದ ರೀತಿಯ ಮೇಲೂ ಇದೇ ಆಕ್ಷೇಪ ಕೇಳಿಬಂದಿತ್ತು. ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಕಡೂರು ತಾಲ್ಲೂಕಿನಲ್ಲೇ ಇದೆ. ಅಂಥ ಕವಿಗಳ ಕಾವ್ಯವನ್ನು ಶ್ರುತಿಯೊಂದರ ಆಸರೆಯಲ್ಲಿ ವಾಚಿಸುವ ಗಮಕವನ್ನು ಮುಂದಿಟ್ಟು, ಮಾತಿಗೆ ಇನ್ನೇನೂ ಬೇಡ ಅನ್ನುತ್ತಾರೆ ಈ ವಿಮರ್ಶಕರು. ಗಮಕದ ಮಟ್ಟಿಗೆ ಆ ಮಾತು ಸರಿ. ಆದರೆ ಭಾವಗೀತೆಯಲ್ಲಿ ತಬಲ ಇದೆ, ಕೀಬೋರ್ಡ್ ಇದೆ, ಕೊಳಲಿದೆ. ತಬಲದ ಜೋಡಿಯಾದ ಡಗ್ಗದ ಗುಮ್ಮನೆಯ ಏಟು ಬೇಸ್‌ನ ನೆಲೆಯಲ್ಲೇ ಇದೆ; ಅದರ ಮೇಲೆ ಯಾರೂ ದೂರು ಕೊಟ್ಟಿಲ್ಲ.

ಮಾತು ಮುಳುಗುವುದು ಎಲ್ಲಿ ಎಂದು ಈ ವಿಮರ್ಶಕರು ಕಿವಿಗೊಟ್ಟು ಕೇಳಿದ್ದರೆ ಈ ವಾದ ಹೂಡುತ್ತಿರಲಿಲ್ಲ. ಕನ್ನಡದ ಸ, ಶ, ಚ, ತ ಸ್ಪಷ್ಟವಾಗುವುದು ಸಾವಿರ ಹರ್ಟ್ಸ್‌ನಿಂದ ಮೇಲಕ್ಕೆ. ಬೇಸ್‌ನ ಮುಖ್ಯ ಬಲ ಇರುವುದು ಅದರ ಎಷ್ಟೋ ಕೆಳಗೆ. ಮಾತಿನ ಜಾಗಕ್ಕೆ ನುಗ್ಗುವುದು ಕೀಬೋರ್ಡಿನ ಸ್ಟ್ರಿಂಗ್ಸ್, ಎಡೆಬಿಡದ ಕೊಳಲು. ಬೇಸ್ ಮಿತಿಮೀರಿ ಜೋರಾದರೆ ಎಲ್ಲವನ್ನೂ ಮಬ್ಬು ಮಾಡುತ್ತದೆ, ನಿಜ. ಯಾವ ವಾದ್ಯಕ್ಕೆ ಈ ದೋಷವಿಲ್ಲ? ಇನ್ನೊಂದು ನಿಜವೂ ಇದೆ, ಅದನ್ನು ಹವ್ಯಾಸಿಗಳು ಕೇಳಿಸಿಕೊಳ್ಳಬೇಕು. ಮೊಬೈಲಿನ ಪುಟ್ಟ ಸ್ಪೀಕರ್‌ಗೆ 41 ಹರ್ಟ್ಸ್ ನುಡಿಯುವ ಶಕ್ತಿಯೇ ಇಲ್ಲ. ಮೇಲಿನ ಉಪಸ್ವರಗಳಿಂದ ಕಿವಿಯೇ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಮೊಬೈಲಿನಲ್ಲೂ ತನ್ನ ಬೇಸ್ ಎದ್ದು ಕೇಳಬೇಕೆಂದು ಹವ್ಯಾಸಿ ತಂತಿಯ ಕಟಕಟ ಸದ್ದನ್ನು ಏರಿಸುತ್ತಾನೆ. ಆ ಕಟಕಟವೇ ಮಾತಿನ ಜಾಗಕ್ಕೆ ಹೋಗಿ ಕೂರುತ್ತದೆ. ಹೀಗೆ ವಿಮರ್ಶಕನ ಸುಳ್ಳು ಆರೋಪವನ್ನು ಹವ್ಯಾಸಿ ತನ್ನ ಕೈಯಾರೆ ನಿಜ ಮಾಡುತ್ತಿದ್ದಾನೆ.

ಬೇಸ್ ಮತ್ತು ಕನ್ನಡದ ಮಾತು ಕೂಡಿ ಬಾಳುತ್ತವೆಯೇ ಎಂಬ ಅನುಮಾನ ಇದ್ದವರು 1981ರ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ ಹಾಡನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಬೇಕು. ಅಲ್ಲಿ ಇಳಯರಾಜ ಬರೆದ ಬೇಸ್ ಮೂಲಸ್ವರವನ್ನು ಗುದ್ದುತ್ತಾ ಒಂದೆಡೆ ಕೂರುವುದಿಲ್ಲ. ತನ್ನದೇ ಒಂದು ರಾಗದ ಸಾಲು ಹಿಡಿದು ಹಾಡಿನ ಅಡಿಯಲ್ಲಿ ನಡೆಯುತ್ತದೆ. ಆದರೂ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದ ಚಿ. ಉದಯಶಂಕರ್ ಅವರ ಸಾಹಿತ್ಯದಲ್ಲಿ ಒಂದಕ್ಷರವೂ ಮುಚ್ಚಿಹೋಗಿಲ್ಲ. 1983ರ ‘ಪಲ್ಲವಿ ಅನುಪಲ್ಲವಿ’ಯ ‘ನಗುವಾ ನಯನ’ವೂ ಇದೇ ಮಾತಿಗೆ ಸಾಕ್ಷಿ. ಈ ಹಾಡುಗಳ ಬಗ್ಗೆ ನಾವು ಗಾಯಕರನ್ನು ಹೊಗಳಿದ್ದೇವೆ, ಸಾಹಿತ್ಯವನ್ನು ಹೊಗಳಿದ್ದೇವೆ. ಬೇಸ್‌ನ ಸಾಲಿನ ಬಗ್ಗೆ ಕನ್ನಡದಲ್ಲಿ ಗಂಭೀರವಾಗಿ ಬರೆದದ್ದು ತೀರಾ ಕಡಿಮೆ. ಸಾಮಾನಿನ ಮಾತು ಆ ಖಾಲಿ ಜಾಗವನ್ನು ತುಂಬಿಕೊಂಡಿದೆ.

ನನ್ನ ತೀರ್ಮಾನ ಇಷ್ಟು. ಈ ಹವ್ಯಾಸಕ್ಕೆ ಕೊರತೆ ಇರುವುದು ಗಿಟಾರಿನದಲ್ಲ, ಕೇಳ್ಮೆಯದು, ಅರ್ತಿಂಗಿನದು. ಎರಡನೇ ಬೇಸ್ ಕೊಳ್ಳಲು ದುಡ್ಡು ಎತ್ತಿಟ್ಟಿರುವ ಕಡೂರು, ತರೀಕೆರೆ, ಅಜ್ಜಂಪುರದ ಗೆಳೆಯರಿಗೆ ನನ್ನ ವಿನಂತಿ: ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ತಿಂಗ್ ನೋಡಿಸಿ. ಡಗ್ಗ ನುಡಿಯುವಾಗ ಸುಮ್ಮನಿರಲು ಕಲಿಯಿರಿ. ನಿಮ್ಮ ರೆಕಾರ್ಡಿಂಗನ್ನು ಯಾರಿಗಾದರೂ ಕೇಳಿಸುವಾಗ ಗಿಟಾರಿನ ಹೆಸರು ಹೇಳಬೇಡಿ. ಹಾಡಿನ ಮಾತು ಪೂರ್ತಿ ಕೇಳಿಸಿತೇ ಎಂದು ಕೇಳಿ.