ದಾರಿ ಯಾರಪ್ಪನದು?

ಬೆಂಗಳೂರಿನ ಟ್ರಾಫಿಕ್ ಬಗ್ಗೆ ಬರೆಯುವವರೆಲ್ಲ ಕಾರಿನೊಳಗೆ ಕೂತೇ ಬರೆಯುತ್ತಾರೆ. ರಸ್ತೆಗಳು ಒಂದಕ್ಕೊಂದು ಕೂಡುತ್ತಿಲ್ಲ, ಅದಕ್ಕೇ ಊರು ಉಸಿರು ಕಟ್ಟಿದೆ ಅಂತಾರೆ. ಮಾತು ನಿಜ. ಆದರೆ ಕೂಡದಂತೆ ಮಾಡಿದವರು ಯಾರು, ನಡೆದು ನಡೆದು ಸವೆಯುವವರು ಯಾರು ಎಂದಾಗ ಅವರ ಪೆನ್ನು ನಿಲ್ಲುತ್ತದೆ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.

ಮಲ್ಲೇಶ್ವರ, ಬಸವನಗುಡಿ 1890ರ ದಶಕದಲ್ಲಿ ಹಾಕಿದ ಬಡಾವಣೆಗಳು. ಮೇನಿಗೆ ಕ್ರಾಸು ಕೂಡುತ್ತದೆ, ಒಂದು ಬೀದಿ ಮುಚ್ಚಿದರೆ ಪಕ್ಕದ ಬೀದಿ ಉಂಟು. ಅಲ್ಲಿ ಮನೆ ಕಟ್ಟಿದವರು ಹೆಚ್ಚಾಗಿ ಮೇಲ್ಜಾತಿಯವರೇ. ಆದರೂ ಬೀದಿಗೆ ಬಾಗಿಲಿರಲಿಲ್ಲ.

ಊರಾಚೆಯ ಕಥೆ ಬೇರೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. 2025ರಲ್ಲಿ ಅದನ್ನೇ ಒಡೆದು 5 ಪಾಲಿಕೆ ಮಾಡಿದರು. ಗಡಿ ಬದಲಾಯಿತು, ಗೋಡೆ ಬದಲಾಗಲಿಲ್ಲ. ಸರ್ಜಾಪುರ ರಸ್ತೆಯ ಕಡೆ ನೋಡಿ. ರಾಗಿ ಹೊಲ ಕೊಂಡವನು ತನ್ನ ಸರ್ವೆ ನಂಬರಿನೊಳಗೇ ಲೇಔಟು ಮಾಡುತ್ತಾನೆ. ಅವನ ರಸ್ತೆ ಹೊಲದ ಬದುವಿಗೆ ಬಂದು ಸಾಯುತ್ತೆ. ಪಕ್ಕದ ಹೊಲಕ್ಕೆ ಬೇರೆ ಗೋಡೆ, ಬೇರೆ ಗೇಟು. ಎಲ್ಲರ ಕಾರೂ ಕೊನೆಗೆ ಹಳೇ ಬಂಡಿದಾರಿಗೇ ಬೀಳಬೇಕು.

ನಮ್ಮವ್ವ ಅಲ್ಲಿ ಎರಡು ಮನೆಯಲ್ಲಿ ಕಸಮುಸುರೆ ಮಾಡುತ್ತಾಳೆ. ಎರಡು ಲೇಔಟು, ನಡುವೆ ಒಂದೇ ಗೋಡೆ. ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಗೆ ಘಮ್ಮೆನ್ನುತ್ತೆ. ಅವ್ವ ಮಾತ್ರ ಒಂದು ಗೇಟು ದಾಟಿ, ಮೇನ್ ರೋಡಿನ ಧೂಳು ಕುಡಿದು, ಇನ್ನೊಂದು ಗೇಟಲ್ಲಿ ಚೀಲ ಬಿಚ್ಚಿ ತೋರಿಸಿ ಹೋಗಬೇಕು. ಅರ್ಧ ಗಂಟೆ. ಅದಕ್ಕೆ ಕೂಲಿಯಿಲ್ಲ.

"ಒಗ್ಗರಣೆಗೆ ಪಾಸು ಬ್ಯಾಡ ಕಣಪ್ಪ, ನಂಗೆ ಬೇಕು" ಅಂತಾಳೆ.

ಗೆಳೆಯರೇ, ಇದು ಬರೀ ನಕ್ಷೆಯ ತಪ್ಪಲ್ಲ. 1924ರಲ್ಲಿ ವೈಕಂ ಸತ್ಯಾಗ್ರಹ ನಡೆದದ್ದು ದೇವರ ದರ್ಶನಕ್ಕಲ್ಲ, ಗುಡಿಯ ಸುತ್ತಲಿನ ಬೀದಿಗಾಗಿ. ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳ ಜೊತೆ ರಸ್ತೆಯನ್ನೂ ಹೆಸರು ಹಿಡಿದು ಹೇಳಿತು: ಸಾರ್ವಜನಿಕ ದಾರಿಯಲ್ಲಿ ಜಾತಿಯ ತಡೆ ಸಲ್ಲದು. ಈಗ ಗೇಟಿನಲ್ಲಿ ಜಾತಿ ಕೇಳುವುದಿಲ್ಲ, ಪಾಸು ಕೇಳುತ್ತಾರೆ. ರಸ್ತೆಯನ್ನೇ ಖಾಸಗಿ ಅಂದುಬಿಟ್ಟರೆ ಸಂವಿಧಾನವೂ ಅವ್ವನ ಜೊತೆ ಹೊರಗೆ ನಿಲ್ಲಬೇಕು. ಊರಿಗೂ ಕೇರಿಗೂ ನಡುವಿನ ಬೇಲಿಯನ್ನೇ ನಗರ ಕಾಂಪೌಂಡು ಮಾಡಿಕೊಂಡಿದೆ.

ಹಳೇ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತಿದೆ. ಮೇಷ್ಟ್ರುಗಳು ಅದನ್ನು ಮಕ್ಕಳ ಮುಂದೆ ಹರಡಲಿ. ಯಾವ ದಾರಿಯ ಮೇಲೆ ಗೋಡೆ ಎದ್ದಿದೆ ಅಂತ ಮಕ್ಕಳೇ ನಡೆದು ನೋಡಲಿ. ಮೇಲ್ಸೇತುವೆ ಆಮೇಲೆ ಕಟ್ಟಿ. ಮೊದಲು ಆ ಗೋಡೆಯಲ್ಲಿ ಒಂದು ಬಾಗಿಲು ತೆಗೆಯಿರಿ.