ಐದು ಟನ್ನಿಗೆ ಜಗ್ಗದ ಬೋಲ್ಟ್

ಕಲ್ಲಿದ್ದಲು ಗಣಿಯ ಚಾವಣಿ ಭದ್ರವೇ ಎಂದು ಕೇಳಿದರೆ ಮೊದಲು ಕೈಗೆ ಬರುವುದು ಪುಲ್ ಟೆಸ್ಟಿನ ರಿಜಿಸ್ಟರು. ಬಂಡೆಗೆ ತೂತು ಕೊರೆದು, ಸಿಮೆಂಟ್ ಇಲ್ಲವೇ ರೆಸಿನ್ ಕ್ಯಾಪ್ಸೂಲ್ ತುರುಕಿ ಕೂರಿಸಿದ ಬೋಲ್ಟುಗಳಲ್ಲಿ ಕೆಲವನ್ನು ಆರಿಸಿ ಜ್ಯಾಕಿನಿಂದ ಕೆಳಕ್ಕೆ ಎಳೆಯುತ್ತಾರೆ. ಐದು ಟನ್ನಿಗೂ ಜಗ್ಗಲಿಲ್ಲವೇ? ಪಾಸು. ಬೋಲ್ಟ್ ಪಾಸಾದರೆ ಚಾವಣಿಯೂ ಪಾಸು ಎಂಬುದು ಬಲವಾಗಿ ಬೇರೂರಿದ ನಂಬಿಕೆ.

ಅದು ಪೊಳ್ಳು ಎನ್ನಲು ದೊಡ್ಡ ಸಿದ್ಧಾಂತ ಬೇಕಿಲ್ಲ. 1.8 ಮೀಟರ್ ಉದ್ದದ ಬೋಲ್ಟಿನ ಸರಳಿಗೆ ಬುಡದಿಂದ ತುದಿಯವರೆಗೂ ಗ್ರೌಟ್, ಅಂದರೆ ಆ ಸಿಮೆಂಟ್ ಇಲ್ಲವೇ ರೆಸಿನ್, ತುಂಬಿರಬೇಕು. ಬುಡ ಹಿಡಿದು ಎಳೆದಾಗ ಆ ಎಳೆತವನ್ನೆಲ್ಲ ಕೆಳಗಿನ ಒಂದೆರಡು ಅಡಿ ಗ್ರೌಟೇ ನುಂಗಿಬಿಡುತ್ತದೆ. ಮೇಲ್ತುದಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮೇಲಿನ ಅರ್ಧ ಟೊಳ್ಳಾಗಿದ್ದರೂ ಗೇಜು ಅದೇ ಐದು ಟನ್ ತೋರಿಸುತ್ತದೆ. ಬಂಡೆಯ ಪದರ ಬಿಟ್ಟುಕೊಳ್ಳುವುದು ಆ ಟೊಳ್ಳಿನ ಎತ್ತರದಲ್ಲಾದರೆ ಹಿಡಿಯಲು ಅಲ್ಲಿ ಏನೂ ಇಲ್ಲ. ಬಲ್ಲವರು ಬೇಕೆಂದೇ ಗಿಡ್ಡ ಉದ್ದಕ್ಕೆ ಗ್ರೌಟ್ ಹಾಕಿ ಎಳೆದು ನೋಡುವುದು ಇದಕ್ಕೇ. ಆದರೆ ಅದೂ ಈ ಬಂಡೆಗೆ ಈ ಗ್ರೌಟ್ ಎಷ್ಟು ಕಚ್ಚುತ್ತದೆ ಎಂದಷ್ಟೇ ಹೇಳುತ್ತದೆ. ರಾತ್ರಿ ಪಾಳಿಯವರು ಅವಸರದಲ್ಲಿ ಹಾಕಿದ ಬೋಲ್ಟಿನ ಮಾತು ಬೇರೆ.

ಬೋಲ್ಟಲ್ಲದ ಆಧಾರಗಳನ್ನು ಪರೀಕ್ಷಿಸಲು ಪ್ರಯೋಗಾಲಯ ಇದೆಯಲ್ಲ ಎನ್ನಬಹುದು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 30 ಲಕ್ಷ ಪೌಂಡ್ ಭಾರ ಹೇರಬಲ್ಲ ಯಂತ್ರವಿದೆ. ಉಕ್ಕಿನ ಕಂಬವಿರಲಿ, ಮರದ ದಿಮ್ಮಿ ಪೇರಿಸಿದ ಚಾಕ್ ಇರಲಿ, ಮೇಲಿನಿಂದ ಒತ್ತುವುದಷ್ಟೇ ಅಲ್ಲ, ಅಡ್ಡಕ್ಕೂ ತಳ್ಳಿ ನೋಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಒತ್ತುವುದು ನಿಧಾನವಾಗಿ. ಗಣಿಯಲ್ಲಿ ಭಾರ ಯಾವಾಗಲೂ ಹಾಗೆ ಬರುವುದಿಲ್ಲ. 2007ರ ಆಗಸ್ಟ್ 6ರಂದು ಯೂಟಾದ ಕ್ರ್ಯಾಂಡಲ್ ಕ್ಯಾನ್ಯನ್ ಗಣಿಯಲ್ಲಿ ಆರು ಮಂದಿ ಸಿಲುಕಿದರು. ರಕ್ಷಣೆಗೆ ಹೋದವರು ದಾರಿಯ ಇಕ್ಕೆಲದಲ್ಲೂ ಉಕ್ಕಿನ ಹೈಡ್ರಾಲಿಕ್ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಜಾಲರಿ ಕಟ್ಟಿ, ಉಕ್ಕಿನ ಹಗ್ಗ ಬಿಗಿದಿದ್ದರು. 16ರಂದು ಪಕ್ಕದ ಕಲ್ಲಿದ್ದಲ ಗೋಡೆಯೇ ಸಿಡಿದು ಕಂಬಗಳನ್ನು ಕಿತ್ತೆಸೆಯಿತು. ರಕ್ಷಕರಲ್ಲಿ ಮೂವರು ಸತ್ತರು. ಕಂಬ ಎಷ್ಟು ಟನ್ ಹೊರುತ್ತದೆಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಅಳೆಯಬೇಕಾದದ್ದು ಆಧಾರವನ್ನಷ್ಟೇ ಅಲ್ಲ, ಬಂಡೆಯ ಚಲನೆಯನ್ನೂ. ಬೋಲ್ಟಿಗಿಂತ ಮೇಲಿನ ಪದರಕ್ಕೆ ಕಚ್ಚಿಸಿದ ಟೆಲ್‌ಟೇಲ್, ಚಾವಣಿ ಎಷ್ಟು ಮಿಲಿಮೀಟರ್ ಇಳಿಯಿತೆಂದು ಬಣ್ಣದ ಪಟ್ಟಿಯಲ್ಲಿ ತೋರಿಸುತ್ತದೆ. ಬೆಲೆಯೂ ಹೆಚ್ಚಿಲ್ಲ. 1993ರಲ್ಲಿ ಇಂಗ್ಲೆಂಡಿನ ಬಿಲ್ಸ್‌ಥಾರ್ಪ್ ಗಣಿಯಲ್ಲಿ ಬೋಲ್ಟುಗಳನ್ನು ನೆಚ್ಚಿದ್ದ ಚಾವಣಿ ಕುಸಿದು ಮೂವರು ಸತ್ತ ಮೇಲೆ ಅಲ್ಲಿ ಇಂಥ ನಿಗಾ ಬಿಗಿಯಾಯಿತು. ನಮ್ಮ ಗಣಿಗಳಿಗೂ ಟೆಲ್‌ಟೇಲ್ ಹೊಸದಲ್ಲ. ಆದರೆ ಅದನ್ನು ಪಾಳಿ ಪಾಳಿಗೂ ಓದಬೇಕು, ಪಟ್ಟಿ ಕೆಂಪಿಗೆ ತಿರುಗಿದರೆ ಪಾಳಿಯ ಮೇಲ್ವಿಚಾರಕನಾದ ಸರ್ದಾರ್ ಜನರನ್ನು ಹೊರಗೆ ಕಳಿಸಬೇಕು, ಆ ದಿನದ ಟನ್ನೇಜು ಹೋಯಿತು. ಪುಲ್ ಟೆಸ್ಟಿನಿಂದ ಉತ್ಪಾದನೆ ನಿಲ್ಲುವುದು ಅಪರೂಪ. ಅದು ಇಷ್ಟೊಂದು ಮೆಚ್ಚಿನದಾಗಲು ಇದೂ ಒಂದು ಕಾರಣವೆಂಬ ಗುಮಾನಿ ನನ್ನದು.