ಮೇಳಗೀತವೂ ಹಿಮ್ಮೇಳವೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರಾಂತಗಳ ವಿದ್ಯಾವಂತರಲ್ಲಿ ಬಯಲಾಟದ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯವು ಸಿದ್ಧಾಂತವೆಂಬಂತೆ ಕೇಳಿಬರುವುದುಂಟು. ಯವನರ ನಾಟಕದಲ್ಲಿ ಕೋರಸ್ ಎಂಬ ಗಾಯಕವೃಂದವು ಯಾವ ಸ್ಥಾನದಲ್ಲಿದೆಯೋ ಯಕ್ಷಗಾನದಲ್ಲಿ ಭಾಗವತನು ಅದೇ ಸ್ಥಾನದಲ್ಲಿದ್ದಾನೆ ಎಂಬುದೇ ಆ ಅಭಿಪ್ರಾಯ. ಹಳ್ಳಿಯ ಆಟವೆಂದು ಹೀಗಳೆಯಲ್ಪಟ್ಟ ಕಲೆಗೆ ಪಂಡಿತರ ಸಭೆಯಲ್ಲಿ ಮಣೆ ಹಾಕಿಸುವುದಕ್ಕೆ ಈ ಹೋಲಿಕೆಯು ಒಂದು ಕಾಲದಲ್ಲಿ ಉಪಕಾರವನ್ನೇ ಮಾಡಿತು. ಆದರೆ ಹೋಲಿಕೆಯು ಗೌರವವನ್ನು ತಂದಿತೆಂಬ ಮಾತ್ರಕ್ಕೆ ಅದು ಸತ್ಯವಾಗಲಾರದು. ವಿಚಾರಿಸಿ ನೋಡಿದರೆ ಭಾಗವತನು ಕೋರಸ್ಸಿಗೆ ಸಮಾನನಲ್ಲವೆಂಬುದೂ, ಮೇಳಗೀತದ ನಿಜವಾದ ಅಂಶವು ಬಯಲಾಟದಲ್ಲಿ ಬೇರೊಂದು ಎಡೆಯಲ್ಲಿ ಇದೆಯೆಂಬುದೂ, ಆ ಎಡೆಯೇ ಈಗ ಬರಿದಾಗುತ್ತಿದೆಯೆಂಬುದೂ ಕಂಡುಬರುತ್ತವೆ.

ಮೊದಲು ಯವನರ ಪದ್ಧತಿಯನ್ನು ನೋಡತಕ್ಕದ್ದು. ಅವರ ಭಾಷೆಯಲ್ಲಿ ಖೋರೋಸ್ ಎಂಬ ಪದಕ್ಕೆ ನರ್ತನವೆಂದೂ ನರ್ತಿಸುವ ಗುಂಪೆಂದೂ ಅರ್ಥ. ಅಥೆನ್ಸ್ ನಗರದಲ್ಲಿ ಈ ಗುಂಪಿನಲ್ಲಿ ಸೇರುತ್ತಿದ್ದವರು ಕಸುಬಿನ ನಟರಲ್ಲ, ಊರಿನ ಪೌರರು. ಗುಂಪಿನ ಸಂಖ್ಯೆಯು ಹನ್ನೆರಡು ಇದ್ದುದನ್ನು ಸೊಫೊಕ್ಲೀಸನು ಹದಿನೈದಕ್ಕೆ ಏರಿಸಿದನೆಂದು ಸಂಪ್ರದಾಯವು ಹೇಳುತ್ತದೆ. ಈ ವೃಂದವು ಸಹ ನಾಟಕದ ಪಾತ್ರಗಳಲ್ಲಿ ಒಂದೆಂದು ಎಣಿಸಲ್ಪಡಬೇಕು, ಕಥೆಯಲ್ಲಿ ಪಾಲುಗೊಳ್ಳಬೇಕು ಎಂಬುದು ಅರಿಸ್ಟಾಟಲನ ಮತ. ಈಡಿಪಸನ ಕಥೆಯಲ್ಲಿ ಥೀಬ್ಸ್ ನಗರದ ಹಿರಿಯರು ಈ ವೃಂದವಾಗಿ ಬರುತ್ತಾರೆ. ಹಿಂದಿನ ದೊರೆಯನ್ನು ಕೊಂದವನಾರೆಂದು ಅವರಿಗೆ ತಿಳಿಯದು. ಕಣಿ ಹೇಳುವ ಕುರುಡನನ್ನು ನಂಬಬೇಕೋ, ಊರನ್ನು ಕಾಪಾಡಿದ ಅರಸನನ್ನು ನಂಬಬೇಕೋ ಎಂದು ಅವರು ತೊಳಲುತ್ತಾರೆ, ದೇವರನ್ನು ಬೇಡುತ್ತಾರೆ, ಕೊನೆಗೆ ಕಂಡದ್ದನ್ನು ಕಂಡು ನಡುಗುತ್ತಾರೆ. ಅಲ್ಲಿಗೆ ಮೇಳಗೀತದ ಲಕ್ಷಣಗಳು ಎರಡು. ಅದು ಹಲವರ ದನಿ. ಅದು ಮುಂದೇನಾಗುವುದೆಂದು ಅರಿಯದವರ ದನಿ.

ಭಾಗವತನಲ್ಲಿ ಈ ಎರಡೂ ಇಲ್ಲ. ಆತನು ಒಬ್ಬನು, ಪ್ರಸಂಗದ ಆದ್ಯಂತವನ್ನೂ ಬಲ್ಲವನು. ಅಭಿಮನ್ಯುವು ಚಕ್ರವ್ಯೂಹವನ್ನು ಹೊಗುವ ಮುನ್ನವೇ ಆತನ ಮರಣದ ಪದ್ಯವು ಭಾಗವತನ ನಾಲಗೆಯಲ್ಲಿದೆ. ರಂಗಸ್ಥಳಕ್ಕೆ ಬಂದ ವೇಷವನ್ನು ಯಾರೆಂದು ವಿಚಾರಿಸುವವನೂ ಆತನೇ. ಆ ವೇಷದ ಅಂತರಂಗದ ಮಾತನ್ನು ಪದ್ಯವಾಗಿ ಎತ್ತಿಕೊಡುವವನೂ ಆತನೇ. ಪದ್ಯವನ್ನು ನಿಲ್ಲಿಸಿದರೆ ಕುಣಿತವು ನಿಂತಿತು. ತಾಳವನ್ನು ಬದಲಿಸಿದರೆ ಯುದ್ಧವೇ ಶೋಕವಾಯಿತು. ಆದುದರಿಂದಲೇ ಮೇಳದ ಪರಿಭಾಷೆಯಲ್ಲಿ ಕಥಾನಾಯಕನ ವೇಷಕ್ಕೆ ಎರಡನೆಯ ವೇಷವೆಂದು ಹೆಸರು. ಮೊದಲನೆಯ ವೇಷವು ಭಾಗವತನೇ ಎಂದು ಹಿರಿಯರು ಅದಕ್ಕೆ ಕಾರಣವನ್ನು ಹೇಳುತ್ತಾರೆ. ಇಂಥ ಸರ್ವಜ್ಞನನ್ನು ಏನೂ ಅರಿಯದ ಥೀಬ್ಸಿನ ಮುದುಕರೊಡನೆ ಸಮೀಕರಿಸುವುದು ಸೂತ್ರ ಹಿಡಿದವನನ್ನೂ ಸೂತ್ರಕ್ಕೆ ಸಿಕ್ಕಿದವನನ್ನೂ ಒಂದೆಂದಂತೆ.

ಹಾಗಾದರೆ ಭಾಗವತನಿಗೆ ಸಮಾನವಾದುದು ಏನು? ಅದಕ್ಕೆ ಸಮುದ್ರವನ್ನು ದಾಟಬೇಕಾಗಿಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಕುತಪವೆಂಬ ಗಾಯಕವಾದಕರ ಸಮುದಾಯವು ಹೇಳಲ್ಪಟ್ಟಿದೆ. ಧ್ರುವಾ ಎಂಬ ಗೀತಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಪಾತ್ರವು ಒಳಗೆ ಬರುವಾಗ ಪ್ರಾವೇಶಿಕೀ, ಹೊರಗೆ ಹೋಗುವಾಗ ನೈಷ್ಕ್ರಾಮಿಕೀ, ನಡೆಯುತ್ತಿರುವ ರಸವನ್ನು ತಟ್ಟನೆ ಮುರಿದು ಬೇರೊಂದನ್ನು ತರುವಾಗ ಆಕ್ಷೇಪಿಕೀ, ಕದಡಿದ ಮನಸ್ಸನ್ನು ತಿಳಿಗೊಳಿಸುವಾಗ ಪ್ರಾಸಾದಿಕೀ, ನಡುವೆ ತೆರಪು ಬಿದ್ದಾಗ ಅದನ್ನು ಮುಚ್ಚಲು ಆಂತರಾ, ಹೀಗೆ ಐದು ಬಗೆ. ಇವುಗಳನ್ನು ಹಾಡುವವರು ಪಾತ್ರಧಾರಿಗಳಲ್ಲ, ಕುತಪದವರು. ಕಾಳಿದಾಸನ ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ, ಪುರೂರವನು ಪ್ರಿಯೆಯನ್ನು ಅರಸುತ್ತ ಅಲೆಯುವೆಡೆಯಲ್ಲಿ, ಕೆಲವು ಪಾಠಗಳೊಳಗೆ ಇಂಥ ಗೀತಗಳು ಇಂದಿಗೂ ಉಳಿದಿವೆ. ಒಡ್ಡೋಲಗದ ಪದ್ಯವನ್ನು ಕೇಳಿದವನಿಗೆ ಪ್ರಾವೇಶಿಕಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಂತವಾದ ಸಂಭಾಷಣೆಯ ನಡುವೆ ಚಂಡೆಯು ಸಿಡಿದು ದೂತನು ದುರ್ವಾರ್ತೆಯನ್ನು ತಂದಾಗ ಆಕ್ಷೇಪಿಕಿಯು ಏನೆಂಬುದೂ ತಾನಾಗಿ ತಿಳಿಯುತ್ತದೆ. ಶಾಸ್ತ್ರದಲ್ಲಿ ಹೆಸರಾಗಿ ಮಾತ್ರ ಉಳಿದುದು ಮಂದಾರ್ತಿ, ಮಾರಣಕಟ್ಟೆಗಳ ಮೇಳಗಳಲ್ಲಿ ಕ್ರಿಯೆಯಾಗಿ ಉಳಿದಿದೆ. ಒಂದು ಇನ್ನೊಂದರಿಂದ ನೇರವಾಗಿ ಇಳಿದುಬಂತೆಂದು ಸಾಧಿಸುವುದು ಕಷ್ಟ. ಕಾರ್ಯವು ಒಂದೇ ಎಂಬುದು ಮಾತ್ರ ಸ್ಪಷ್ಟ.

ಈಗ ಉಳಿದ ಪ್ರಶ್ನೆ: ಹಲವರ ದನಿ, ಅರಿಯದವರ ದನಿ ಎಂಬುದು ಈ ಸೀಮೆಯಲ್ಲಿ ಇಲ್ಲವೇ? ಇದೆ, ಆದರೆ ಅದು ಒಂದೆಡೆಯಲ್ಲಿ ಗುಂಪಾಗಿ ನಿಂತಿಲ್ಲ, ಹಂಚಿಹೋಗಿದೆ.

ಅದರ ಮೊದಲ ಪಾಲು ಬಡಗುತಿಟ್ಟಿನ ಪೂರ್ವರಂಗದ್ದು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಕುಣಿಯುವ ಆ ಹೊತ್ತಿನಲ್ಲಿ ಮುಖ್ಯ ಭಾಗವತನು ಇನ್ನೂ ಬಂದಿರುವುದಿಲ್ಲ. ಹಾಡುವವನು ಸಂಗೀತಗಾರನೆಂದು ಕರೆಯಲ್ಪಡುವ ಕಿರಿಯವನು. ಕುಣಿಯುವವರು ಕಲಿಯುತ್ತಿರುವ ಹುಡುಗರು. ಅಲ್ಲಿ ಕಥೆಯಿಲ್ಲ, ನಾಯಕನಿಲ್ಲ. ತಾಳಕ್ಕೆ ಕಾಲನ್ನು ಕೂಡಿಸುವ ಒಂದು ಸಮುದಾಯ ಮಾತ್ರ ಇದೆ. ಎರಡನೆಯ ಪಾಲು ಒಡ್ಡೋಲಗದ್ದು. ಪಾಂಡವರ ಒಡ್ಡೋಲಗದಲ್ಲಿ ಐವರೂ ಒಂದೇ ಲಯದಲ್ಲಿ ಹೆಜ್ಜೆಯಿಡುವಾಗ, ಕಿರಾತನ ಒಡ್ಡೋಲಗದಲ್ಲಿ ಬೇಡರ ಗುಂಪು ಬೇಟೆಗೆ ಹೊರಡುವಾಗ, ನೋಡುವವರಿಗೆ ವ್ಯಕ್ತಿಗಳು ಕಾಣುವುದಿಲ್ಲ, ಕುಲವು ಕಾಣುತ್ತದೆ. ಮೂರನೆಯ ಪಾಲು ಹಾಸ್ಯಗಾರನದು. ಅವನು ದೂತನಾಗಿ, ದ್ವಾರಪಾಲಕನಾಗಿ, ದಾರಿಹೋಕನಾಗಿ ಬಂದು ದೊಡ್ಡವರ ಜಗಳದಲ್ಲಿ ಚಿಕ್ಕವರಿಗೆ ಏನು ತೋರುತ್ತದೆಂಬುದನ್ನು ಆಡುಮಾತಿನಲ್ಲಿ ಹೇಳುತ್ತಾನೆ. ಮುಂದೇನಾಗುವುದೆಂದು ತಿಳಿಯದೆ ಅಂಜುವವನು ರಂಗದ ಮೇಲೆ ಅವನೊಬ್ಬನೇ. ಥೀಬ್ಸಿನ ಮುದುಕರಿಗೆ ನಂಟನ್ನು ಹುಡುಕುವುದಾದರೆ ಭಾಗವತನ ಮಂಚದ ಬಳಿಯಲ್ಲಲ್ಲ, ಇವನ ಬಳಿಯಲ್ಲಿ ಹುಡುಕಬೇಕು.

ರಂಗಸ್ಥಳದ ಹೊರಗೂ ಈ ಹಲವರ ದನಿಯು ಉಂಟು. ನವರಾತ್ರಿಯ ದಿನಗಳಲ್ಲಿ ಈ ಭಾಗದ ಮನೆಗಳಿಗೆ ಬರುತ್ತಿದ್ದ ಹೂವಿನಕೋಲು ಅದರ ಅತಿ ಸುಂದರವಾದ ರೂಪ. ಒಬ್ಬ ಭಾಗವತ, ಒಂದು ಮದ್ದಲೆ, ಹೂವಿನಿಂದ ಸಿಂಗರಿಸಿದ ಕೋಲುಗಳನ್ನು ಹಿಡಿದ ಬಾಲಕರು. ಚಾವಡಿಯಲ್ಲಿ ಎದುರುಬದುರಾಗಿ ಕುಳಿತು ಅವರು ಮೊದಲು ಒಕ್ಕೊರಲಿನಿಂದ ಮನೆಯವರನ್ನು ಹರಸುತ್ತಾರೆ. ಆಮೇಲೆ ಪ್ರಸಂಗದ ಒಂದು ತುಣುಕಿಗೆ ಅರ್ಥ ಹೇಳುತ್ತಾರೆ. ಹರಸತಕ್ಕ ವಯಸ್ಸು ಅವರದ್ದಲ್ಲ. ಆದರೂ ಮುದುಕರು ಕೈಮುಗಿದು ಕೇಳುತ್ತಾರೆ. ಏಕೆಂದರೆ ಹರಸುವುದು ಆ ಹುಡುಗ ಈ ಹುಡುಗನಲ್ಲ, ಊರು. ಒಬ್ಬನ ದನಿಗೆ ಇಲ್ಲದ ಅಧಿಕಾರವು ಹಲವರ ದನಿಗೆ ಬರುವುದು ಹೀಗೆಯೇ. ಹೋಳಿಯ ಕಾಲದಲ್ಲಿ ಕುಡುಬಿ ಜನರು ಮಣ್ಣಿನ ಗುಮಟೆಯನ್ನು ಬಾರಿಸುತ್ತ, ಒಬ್ಬನು ಎತ್ತಿದ ಸೊಲ್ಲನ್ನು ಉಳಿದವರು ಹಿಡಿದು ಸುತ್ತು ಹಾಕುವುದೂ, ಭಜನೆಯಲ್ಲಿ ಮುಂದಾಳು ಹೇಳಿದ ಪಲ್ಲವಿಯನ್ನು ಕುಳಿತವರೆಲ್ಲರೂ ಮರಳಿ ಹೇಳುವುದೂ ಇದೇ ಧರ್ಮದ ಬೇರೆ ಬೇರೆ ರೂಪಗಳು. ಇಲ್ಲೆಲ್ಲ ಕಂಠದ ಸೊಗಸು ಮುಖ್ಯವಲ್ಲ, ಕೂಡಿಕೊಳ್ಳುವುದು ಮುಖ್ಯ.

ಕನ್ನಡದ ನಾಟಕಕರ್ತರು ಈ ವಿಷಯವನ್ನು ಹೇಗೆ ನಡೆಸಿದ್ದಾರೆಂಬುದನ್ನೂ ನೋಡಬೇಕು. ಸೊಫೊಕ್ಲೀಸನ ಏಜಾಕ್ಸ್ ನಾಟಕವನ್ನು ಅನುಸರಿಸಿ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಅಶ್ವತ್ಥಾಮನ್ ನಾಟಕವನ್ನು ರಚಿಸಿದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು ಪಾರಸಿಕರು ಎಂದು ಕನ್ನಡಕ್ಕೆ ತಂದರು. ವೃಂದವನ್ನು ಅವರು ಬಿಟ್ಟುಹಾಕದೆ ಕನ್ನಡದ ಛಂದಸ್ಸಿನಲ್ಲಿ ಹಾಡಿಸಿದುದು ದೊಡ್ಡ ಸಾಹಸವೇ ಸರಿ. ಆದರೆ ಓದುವವರಿಗೆ ಒದಗಿದಷ್ಟು ಅದು ಆಡುವವರಿಗೆ ಒದಗಲಿಲ್ಲ. ವೃಂದವು ಕುಣಿಯಬೇಕಾದ ವಸ್ತು. ಕುಣಿತವಿಲ್ಲದೆ ನಿಂತು ಹೇಳಿದರೆ ಅದು ಉಪದೇಶದಂತೆ ಕೇಳಿಸುತ್ತದೆ.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902-1997) ಹಿಡಿದ ದಾರಿ ಬೇರೆ. ಅವರ ನೃತ್ಯರೂಪಕಗಳಲ್ಲಿ ಅರ್ಥಗಾರಿಕೆಯು ತೆಗೆಯಲ್ಪಟ್ಟಿತು. ಪಿಟೀಲು, ಸ್ಯಾಕ್ಸೊಫೋನುಗಳು ಹಿಮ್ಮೇಳವನ್ನು ಸೇರಿದವು. ಮಾತು ಹೋದುದರಿಂದ ಕಥೆಯ ಭಾರವೆಲ್ಲವೂ ಹಾಡಿನ ಮೇಲೂ ಗುಂಪು ಕುಣಿತದ ಮೇಲೂ ಬಿತ್ತು. ಇದರಿಂದ ಗುಂಪಿನ ಚಲನಕ್ಕೆ ಮರಳಿ ಬೆಲೆ ಬಂದುದು ಲಾಭ. ಅರ್ಥವೇ ಯಕ್ಷಗಾನದ ಪ್ರಾಣವೆಂದು ನಂಬಿದವರ ಆಕ್ಷೇಪವೂ ನಿರಾಧಾರವಲ್ಲ. ಮಾತಿನೊಡನೆ ಹಾಸ್ಯಗಾರನ ಆಡುನುಡಿಯೂ ಹೋಯಿತು, ಸಾಮಾನ್ಯ ಜನರ ದನಿಯೂ ಹೋಯಿತು. ಒಂದು ಕೈಯಿಂದ ಕೊಟ್ಟುದನ್ನು ಆ ಪ್ರಯೋಗವು ಇನ್ನೊಂದು ಕೈಯಿಂದ ಕಸಿದುಕೊಂಡಿತೆನ್ನಬೇಕು.

ಗಿರೀಶ ಕಾರ್ನಾಡರ ಹಯವದನವು (1971) ಈ ವಿಷಯದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಭಾಗವತನು ಗಣಪತಿಯನ್ನು ಸ್ತುತಿಸಿ ಕಥೆಯನ್ನು ಎತ್ತುತ್ತಾನೆ. ಆದರೆ ಕುದುರೆಯ ತಲೆಯ ಮನುಷ್ಯನು ರಂಗಕ್ಕೆ ನುಗ್ಗಿದಾಗ ಅದು ಮುಖವಾಡವೆಂದು ಭ್ರಮಿಸಿ ಅದನ್ನು ಕೀಳಹೊರಡುತ್ತಾನೆ! ಎಲ್ಲವನ್ನೂ ಬಲ್ಲ ಭಾಗವತನು ಏನೂ ಅರಿಯದವನಾದನು. ಅಲ್ಲದೆ ಒಂದು ಸ್ತ್ರೀವೃಂದವು ಬಂದು ಪದ್ಮಿನಿಯ ಆಸೆಯನ್ನು ಹಾಡಿ ತೋರಿಸುತ್ತದೆ. ಬಯಲಾಟದ ಸರ್ವಜ್ಞನಿಗೆ ಯವನರ ವೃಂದದ ಅಜ್ಞಾನವನ್ನು ಬೆರಸಿ ಹೊಸದೊಂದನ್ನು ಕಟ್ಟಿದ ಈ ಉಪಾಯವೇ ಇವೆರಡೂ ಬೇರೆ ಬೇರೆ ಎಂಬುದಕ್ಕೆ ಸಾಕ್ಷಿ. ಒಂದೇ ಆಗಿದ್ದರೆ ಬೆರಸುವ ಅಗತ್ಯವೆಲ್ಲಿತ್ತು?

ಇನ್ನು ಪ್ರಕೃತದ ಸ್ಥಿತಿ. ದೀವಟಿಗೆಯ ಬೆಳಕಿನ ಕಾಲದಲ್ಲಿ ಭಾಗವತನ ಕಂಠವು ಬಯಲಿನ ಅಂಚನ್ನು ಮುಟ್ಟಬೇಕಾಗಿದ್ದರಿಂದ ಆತನು ಏರುಶ್ರುತಿಯಲ್ಲಿ, ಅಕ್ಷರ ಸ್ಪಷ್ಟವಾಗಿ, ಬೆಳೆಸದೆ ಹಾಡುತ್ತಿದ್ದನು. ಧ್ವನಿವರ್ಧಕವು ಬಂದ ಮೇಲೆ ಮೆಲುದನಿಯೂ ದೂರಕ್ಕೆ ಕೇಳುವಂತಾಯಿತು, ಆಲಾಪಕ್ಕೆ ಅವಕಾಶವಾಯಿತು. ಗುಂಡ್ಮಿಯ ಕಾಳಿಂಗ ನಾವಡರು (1958-1990) ಹೊಸ ರಾಗಗಳನ್ನು ತಂದು ಜನಸ್ತೋಮವನ್ನೇ ಸೆಳೆದರು. ಹಿರಿಯಡ್ಕ ಗೋಪಾಲರಾಯರು (1919-2020) ಏರುಮದ್ದಲೆಯನ್ನು ಬಳಕೆಗೆ ತಂದು ಮದ್ದಲೆಯ ಘನತೆಯನ್ನು ಹೆಚ್ಚಿಸಿದರು. ಇವರಿಬ್ಬರ ಪ್ರತಿಭೆಯನ್ನು ಕೊಂಡಾಡದವರು ರಸಿಕರಲ್ಲ. ದೋಷವಿರುವುದು ಅನುಕರಣದಲ್ಲಿ. ಪ್ರತಿಭಾವಂತನು ಸಂದರ್ಭವನ್ನರಿತು ಮಾಡಿದುದನ್ನು ಹಿಂದೆ ಬಂದವರು ನಿಯಮವನ್ನಾಗಿ ಮಾಡಿಕೊಂಡರು. ಒಂದೇ ಪದ್ಯವನ್ನು ಚಪ್ಪಾಳೆಗೋಸ್ಕರ ಎಳೆಯುವುದು, ವೇಷವು ಕುಣಿದು ದಣಿದರೂ ಬಿಡದಿರುವುದು, ಚಂಡೆಮದ್ದಲೆಗಳು ತಂತಮ್ಮ ಕೈಚಳಕಕ್ಕಾಗಿ ಕಥೆಯನ್ನು ನಿಲ್ಲಿಸುವುದು ಹೆಚ್ಚುತ್ತ ಬಂತು. ಗಾನವೈಭವವೆಂಬ ಹೆಸರಿನಲ್ಲಿ ವೇಷವೇ ಇಲ್ಲದೆ ಭಾಗವತರನ್ನು ಮಾತ್ರ ಕುಳ್ಳಿರಿಸಿ ಹಾಡಿಸುವ ಪದ್ಧತಿಯೂ ಬೆಳೆಯಿತು. ಇತ್ತ ಕಾಲಮಿತಿಯ ಆಟಗಳಲ್ಲಿ ಮೊದಲು ಕತ್ತರಿಗೆ ಸಿಕ್ಕುವುದು ಪೂರ್ವರಂಗವೇ. ಅದರೊಡನೆ ಸಂಗೀತಗಾರನ ಸ್ಥಾನವೂ ಕುಗ್ಗಿತು. ಒಟ್ಟಿನಲ್ಲಿ ಒಬ್ಬನ ದನಿಯು ಉಬ್ಬಿತು, ಹಲವರ ದನಿಯು ಸೊರಗಿತು.

ಇದಕ್ಕೆ ಪೂರ್ವಪಕ್ಷವಿಲ್ಲದಿಲ್ಲ. ಜನರು ಬಯಸಿದುದನ್ನು ಕೊಡುವುದೇ ಕಲೆಯ ಬಾಳಿಗೆ ದಾರಿ. ಇರುಳಿಡೀ ಎದ್ದಿರುವ ತಾಳ್ಮೆ ಯಾರಿಗೂ ಇಲ್ಲ. ಕೋಡಂಗಿಯ ಕುಣಿತವನ್ನು ನೋಡಲು ಬರುವವರಾರು? ಈ ಮಾತಿನಲ್ಲಿ ಸತ್ಯಾಂಶವಿದೆ. ಉದ್ಯೋಗಸ್ಥರಾದ ಗೃಹಸ್ಥರು ಬೆಳಗಿನವರೆಗೆ ಕುಳಿತಿರಬೇಕೆಂದು ವಿಧಿಸುವುದು ಅನ್ಯಾಯ. ಕಾಲವನ್ನು ಕಡಮೆ ಮಾಡಲಿ. ಆದರೆ ಕಡಮೆ ಮಾಡುವಾಗ ಕೊಯ್ಯಬೇಕಾದುದು ಕೊಂಬೆಯನ್ನು, ಬೇರನ್ನಲ್ಲ. ಪೂರ್ವರಂಗವು ನೋಡುವವರಿಗೆ ಬೇಸರವಾಗಿರಬಹುದು; ಕಲಿಯುವವರಿಗೆ ಅದು ಪಾಠಶಾಲೆ. ಮುಂದಿನ ಭಾಗವತನು ಸಂಗೀತಗಾರನಾಗಿ ಅಲ್ಲಿಯೇ ತಾಳವನ್ನು ಕಟ್ಟಿಕೊಳ್ಳುತ್ತಿದ್ದನು. ಮುಂದಿನ ಎರಡನೆಯ ವೇಷವು ಕೋಡಂಗಿಯಾಗಿ ಅಲ್ಲಿಯೇ ಹೆಜ್ಜೆ ತಿದ್ದಿಕೊಳ್ಳುತ್ತಿದ್ದನು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾದ ತರುವಾಯ ಕ್ರಮಬದ್ಧವಾದ ಶಿಕ್ಷಣಕ್ಕೆ ನೆಲೆ ದೊರಕಿತೆಂಬುದು ಸಂತೋಷದ ವಿಷಯ. ಆದರೂ ತರಗತಿಯಲ್ಲಿ ಕಲಿತ ತಾಳವು ಸಭೆಯ ಮುಂದೆ ನಿಲ್ಲಬೇಕಾದರೆ ತಪ್ಪಿದರೂ ಕ್ಷಮೆಯುಂಟೆಂಬ ಒಂದು ಹೊತ್ತು ಬೇಕು. ಆ ಹೊತ್ತೇ ಪೂರ್ವರಂಗ.

ಆದುದರಿಂದ ಈ ಸೀಮೆಯ ಗೃಹಸ್ಥರೂ ಮೇಳಗಳನ್ನು ನಡೆಸುವವರೂ ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ಐದು ಗಂಟೆಯ ಆಟದಲ್ಲಿಯೂ ಪೂರ್ವರಂಗಕ್ಕೆ ಅರ್ಧ ಗಂಟೆಯನ್ನು ಉಳಿಸಬಹುದು. ಹರಕೆಯ ಆಟವನ್ನು ಆಡಿಸುವ ಮನೆಯವರು ಒಡ್ಡೋಲಗವನ್ನು ಕತ್ತರಿಸಬಾರದೆಂದು ಮುಂದಾಗಿ ಕೇಳಿಕೊಳ್ಳಬಹುದು. ಹೂವಿನಕೋಲನ್ನು ಈಚಿನ ವರ್ಷಗಳಲ್ಲಿ ಕೆಲವು ಸಂಘದವರು ಮತ್ತೆ ಮನೆಮನೆಗೆ ಒಯ್ಯುತ್ತಿದ್ದಾರೆ. ನವರಾತ್ರಿಯಲ್ಲಿ ಬಾಗಿಲಿಗೆ ಬಂದ ಹುಡುಗರನ್ನು ಚಾವಡಿಗೆ ಕರೆದು ಕುಳ್ಳಿರಿಸಿ ಕೇಳುವುದಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಮನೆಯ ಮಕ್ಕಳನ್ನು ಆ ಗುಂಪಿಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಭಾಗವತನು ಮೊದಲನೆಯ ವೇಷವೆಂಬ ಹಳೆಯ ಮಾತಿಗೆ ಅವನೇ ಏಕೈಕ ವೇಷವೆಂದು ಅರ್ಥವಲ್ಲ. ಮೊದಲನೆಯವನೆಂದರೆ ಹಿಂದೆ ಎರಡನೆಯವನೂ ಹತ್ತನೆಯವನೂ ಇದ್ದಾರೆಂದೇ ತಾತ್ಪರ್ಯ. ಹಿಮ್ಮೇಳವೆಂಬ ಪದದಲ್ಲಿಯೇ ಮೇಳವಿದೆ, ಮೇಳವೆಂದರೆ ಕೂಡುವಿಕೆ. ಕೂಡುವಿಕೆಯು ಹೋಗಿ ಕಂಠವೊಂದೇ ಉಳಿದರೆ ಸಂಗೀತವು ಉಳಿದೀತು, ಆಟವು ಉಳಿಯದು.